ಹೊರಗಿನಿಂದಲೇ ಮುಚ್ಚುವ ಟೆಂಟು

ಕಿಟಕಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ದಾರದ ಧೂಳು ತೇಲುತ್ತಿದೆ, ಕಿತ್ತಳೆ ಬಣ್ಣದ್ದು, ಇವತ್ತು ಕಿತ್ತಳೆ ಟೆಂಟು, ನಿನ್ನೆ ಹಸಿರು, ನಿನ್ನೆ ಮನೆಗೆ ಹೋಗಿ ಸೀನಿದರೆ ಕರ್ಚೀಫಿನಲ್ಲಿ ಹಸಿರು — ಮೂಗು ಕೂಡ ಕಂಪನಿಯದ್ದೇ ಆಗಿಹೋಯಿತಲ್ಲ ಅಂದುಕೊಂಡು ಒಳಗೊಳಗೇ ನಕ್ಕಳು, ನಗುತ್ತಲೇ ಜಿಪ್ಪಿನ ಪಟ್ಟಿಯನ್ನು ಸೂಜಿಯ ಕೆಳಗೆ ತಳ್ಳಿದಳು, ಸರ್‍ರ್, ತಿರುವಿನಲ್ಲಿ ಬಟ್ಟೆ ಹೊರಳಿಸಿ ಮತ್ತೆ ಸರ್‍ರ್, ಇಪ್ಪತ್ತಾರು ವರ್ಷದಿಂದ ಬಾಗಿಲು, ಬಾಗಿಲು ಬಿಟ್ಟರೆ ಬೇರೇನೂ ಇಲ್ಲ, ಅದಕ್ಕೇ ಅವಳನ್ನು ಜಿಪ್ಪಮ್ಮ ಅನ್ನುವುದು, ಹಿಂದಿನ ಟೇಬಲಿನಲ್ಲಿ ಬಲೆಯ ಕಿಟಕಿ ಹೊಲಿಯುವವಳು ಕಿಟಕಿಯಕ್ಕ, ಮುಂದಿನ ಟೇಬಲಿನಲ್ಲಿ ಜಿಪ್ಪಿಗೆ ರನ್ನರ್ ಪೋಣಿಸುವವಳು ಬಾಲದವಳು, ಯಾಕೆಂದರೆ ಟೆಂಟಿನ ರನ್ನರಿಗೆ ಎರಡು ಬಾಲ, ಹೊರಗೆ ನಿಂತವರು ಎಳೆಯಲು ಒಂದು, ಒಳಗೆ ಮಲಗಿದವರು ಎಳೆಯಲು ಒಂದು. ಇಡೀ ಟೆಂಟು ಹೊಲಿಯಬಲ್ಲವಳು ಈ ಶೆಡ್ಡಿನಲ್ಲಿ ಒಬ್ಬಳೂ ಇಲ್ಲ, ಇರಬಾರದು ಅಂತಲೇ ಹೀಗೆ ಕೂರಿಸಿದ್ದಾರೆ, ನಲವತ್ತು ಹೆಂಗಸರು ಸೇರಿದರೆ ಒಂದು ಮನೆ, ಅದೂ ಬೇರೆಯವರ ಮನೆ, ಬೇರೆಯವರ ರಜೆಯ ಮನೆ. ಎದುರು ಗೋಡೆಯ ಮೇಲೆ ಆ ದೊಡ್ಡ ಚಿತ್ರ — ಗುಡ್ಡ, ಟೆಂಟು, ಅಪ್ಪ, ಅಮ್ಮ, ಅಪ್ಪನ ಬೆನ್ನ ಮೇಲೆ ಹಲ್ಲು ಬಿಡುವ ಎರಡು ವರ್ಷದ ಮಗು — ಅದೇ ಚಿತ್ರ ಕಾಳಿನಷ್ಟಾಗಿ ಪ್ರತಿ ಲೇಬಲ್ಲಿನ ಮೇಲೂ ಇದೆ, ದಿನಕ್ಕೆ ಇನ್ನೂರು ಸಲ ಅವಳ ಬೆರಳಿನ ಕೆಳಗೆ ಹಾದುಹೋಗುತ್ತದೆ, ಇನ್ನೂರು ಸಲವೂ ನಗುತ್ತಲೇ. ತಿರುಗಿ ನೋಡಿದರೆ ಹಿಂದಿನ ತುದಿಯಲ್ಲಿ ಸೂಪರ್‌ವೈಸರ್ ಕಂಡ. ಕೈಯಲ್ಲಿ ರಟ್ಟಿನ ಹಲಗೆ, ಹಲಗೆಗೆ ಸಿಕ್ಕಿಸಿದ ಹಾಳೆ, ಈ ಭಾನುವಾರ ನನ್ನ ಸ್ವಂತ ಇಚ್ಛೆಯಿಂದ ಕೆಲಸಕ್ಕೆ ಬರುತ್ತೇನೆ ಅಂತ ಮೊದಲೇ ಅಚ್ಚುಹಾಕಿಸಿದ ಇಚ್ಛೆ, ನಮ್ಮ ಇಚ್ಛೆ ಏನು ಅಂತ ನಮಗಿಂತ ಮುಂಚೆ ಅವರಿಗೆ ಗೊತ್ತು, ಕೆಳಗೆ ಸಹಿಗೆ ಗೆರೆಗಳು. ಬೇಗ ಬೇಗ ಹಾಕ್ರಮ್ಮಾ, ಬೇಗ ಬೇಗ. ಒಂಬತ್ತು ಟೇಬಲ್ ಆಚೆ ಇದ್ದಾನೆ.

ಭಾನುವಾರ. ಬೆಳಿಗ್ಗೆ ಬಸ್ಸಿನಲ್ಲಿ ನಿಂತಿದ್ದಾಗ ಮಗಳ ಫೋನು, ಅಮ್ಮಾ ಮರೀಬೇಡ, ಮೂರು ತಿಂಗಳಾದ ಮೇಲೆ ಆಸ್ಪತ್ರೆ ಡ್ಯೂಟಿಯಿಂದ ಒಂದು ಭಾನುವಾರ ರಜೆ ಕೊಟ್ಟಿದಾರೆ ನಂಗೆ, ಮುಂದಿನ್ದು ಯಾವಾಗ್ಲೋ, ಪುಟ್ಟಿನ ಆ ಗುಡ್ಡಕ್ಕೆ ಹತ್ತಿಸ್ಲೇಬೇಕು, ನಮ್ಮ ಹಳೇ ಟೆಂಟ್ ತಾ, ಹೊಸದೆಲ್ಲ ಬೇಡ, ಹಾಂ, ಅಜ್ಜಿ ಜೊತೆ ಮಾತಾಡ್ತಾಳಂತೆ ನೋಡು — ಆಮೇಲೆ ಉಸಿರು, ಬರೀ ಉಸಿರು, ಎರಡು ವರ್ಷದ ಮೊಮ್ಮಗಳು ಫೋನಿಗೆ ಬಾಯಿ ಅಂಟಿಸಿಕೊಂಡು ಉಸಿರು ಬಿಡುವುದೇ ಮಾತು, ಕೊನೆಗೆ ಗುಡ್ಡ ಅನ್ನುವುದನ್ನು ಗುಂಡ ಅಂದು ಓಡಿಹೋಯಿತು. ಅವಳೂ ಹಾಗೇ ಅನ್ನುತ್ತಿದ್ದಳು, ಈ ಫೋನು ಮಾಡಿದವಳು, ಅವಳಮ್ಮ, ಗುಂಡ ಎಲ್ಲಿ ಗುಂಡ ಎಲ್ಲಿ ಅಂತ ಬಸ್ಸು ಪೂರ್ತಿ ತಲೆ ತಿಂದಿದ್ದಳು, ಇಪ್ಪತ್ತನಾಲ್ಕು ವರ್ಷದ ಹಿಂದೆ, ಗಂಡನ ಬೆನ್ನಿಗೆ ಬಣ್ಣದ ಕಲೆಗಳ ಹಳೇ ಬಟ್ಟೆಯಿಂದ ಕಟ್ಟಿಸಿಕೊಂಡು. ಗೋಡೆಗೆ ಬಣ್ಣ ಬಳಿಯುವವನು ಅವನು, ನೆಲಕ್ಕೆ ಹಾಸುವ ಬಟ್ಟೆಯನ್ನೇ ಒಗೆದು ತಂದಿದ್ದ, ಮಗು ಆ ಕಲೆಗಳನ್ನು ಒಂದೊಂದಾಗಿ ಮುಟ್ಟಿ ಇದು ಯಾರ ಮನೆ ಅನ್ನುವುದು, ಇವನು ಇದು ಡಾಕ್ಟ್ರ ಮನೆ, ಇದು ವಕೀಲ್ರ ಮನೆ ಅನ್ನುವುದು, ನಮ್ಮನೆ ಎಲ್ಲಿ ಅಂದರೆ ನಮ್ಮನೆ ನಿಮ್ಮಮ್ಮನ ತಲೆ ಮೇಲಿದೆ ನೋಡು ಕಂದಾ — ಟೆಂಟಿನ ಗಂಟು ಅವಳ ತಲೆಯ ಮೇಲಿತ್ತು. ದೊಡ್ಡವರು ಒಂದು ಗಂಟೆಯಲ್ಲಿ ಹತ್ತುವ ಗುಡ್ಡ, ಮುದುಕರೂ ಕೈ ಬೀಸಿಕೊಂಡು ಹತ್ತುವಂಥದ್ದು, ಇವರಿಗೆ ನಾಲ್ಕು ಗಂಟೆ ಹಿಡಿಯಿತು, ಬೆನ್ನಿಂದ ಇಳಿಸು ಅನ್ನುತ್ತಾಳೆ, ಇಳಿಸಿದರೆ ಹತ್ತು ಹೆಜ್ಜೆಗೊಂದು ಕಲ್ಲು ಹೆಕ್ಕುತ್ತಾಳೆ, ಹೆಕ್ಕಿದ್ದೆಲ್ಲ ಅಪ್ಪನ ಜೇಬಿಗೆ, ಅರ್ಧ ದಾರಿಯಲ್ಲಿ ಅವನ ಪ್ಯಾಂಟು ಜಾರತೊಡಗಿತು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಅವನು, ಲೇ, ಈ ಗುಡ್ಡನೇ ಕೆಳಗಿಳಿಸ್ಕೊಂಡು ಹೋಗ್ತಾಳಲ್ಲೇ ನಿನ್ ಮಗಳು, ಒಂದು ಕಲ್ಲು ಬಿಸಾಕ್ಲಾ? ಬಿಸಾಕಿ ನೋಡಿ, ನಿಮ್ಮ ಕಿವಿ ತೂತಾಗುತ್ತೆ ಅಷ್ಟೆ. ಬಿಸಾಕಲಿಲ್ಲ, ಪುಣ್ಯಾತ್ಮ, ಅವನು ಹೋಗಿ ನಾಲ್ಕು ವರ್ಷವಾಯಿತು, ಆ ಕಲ್ಲುಗಳು ಇನ್ನೂ ಅಡುಗೆಮನೆಯ ಕಿಟಕಿಯಲ್ಲಿವೆ. ಆರು ಟೇಬಲ್.

ಟೆಂಟನ್ನು ಅವಳೇ ಹೊಲಿದದ್ದು, ಕಂಪನಿಯಲ್ಲಿ ರಿಜೆಕ್ಟಾದ ತುಂಡುಗಳಿಂದ, ಒಂದು ಹೊಳಪು ನೀಲಿ, ಒಂದು ಮಸುಕು ನೀಲಿ, ನೆಲಕ್ಕೆ ಬೂದು ಬಣ್ಣದ್ದು, ಆಗಿನ್ನೂ ಹಳೇ ಮ್ಯಾನೇಜರು, ತಗೊಂಡು ಹೋಗಮ್ಮ ಹೇಗೂ ಸುಡೋದೇ ಅಂತಿದ್ದ. ಒಂದು ತಿಂಗಳು ಹೊಲಿದಳು, ಕಿಟಕಿಯಕ್ಕ ಊಟದ ಹೊತ್ತಲ್ಲಿ ಕಿಟಕಿ ಹೇಗೆ ಅಂತ ಹೇಳಿಕೊಟ್ಟಳು, ಮೂಲೆ ಹೇಗೆ ಅಂತ ಇನ್ನೊಬ್ಬಳು, ಬಾಗಿಲಿಗೆ ಮಾತ್ರ ಯಾರನ್ನೂ ಕೇಳಲಿಲ್ಲ, ಬಾಗಿಲು ಅವಳದ್ದಲ್ಲವೇ, ಕಣ್ಣು ಮುಚ್ಚಿ ಹೊಲಿದಳು, ಯಾವುದೋ ಹಳೇ ಚೀಲದ ರನ್ನರ್ ಕಿತ್ತು ಸಿಕ್ಕಿಸಿದಳು, ಒಂದೇ ಬಾಲದ್ದು. ಒಳಗಿನ ಬಾಲ ಅವಳ ತಲೆಗೆ ಹೊಳೆಯಲೇ ಇಲ್ಲ, ಅದು ಮುಂದಿನ ಟೇಬಲಿನ ಕೆಲಸ. ಗುಡ್ಡದ ಮೇಲೆ ಮಧ್ಯಾಹ್ನ ಬ್ರೆಡ್ಡು ಮೊಟ್ಟೆ ತಿಂದು ಮುಗಿಸುವಷ್ಟರಲ್ಲಿ ಗಾಳಿ, ಗಾಳಿಯ ಹಿಂದೆಯೇ ಮಳೆ, ಮೂವರೂ ಬಿದ್ದಂಬೀಳ ಒಳಗೆ ಹೊಕ್ಕರು, ಬಾಗಿಲು ಹಾಕೇ ಬೇಗ, ಹಾಕಲು ಕೈ ಚಾಚಿದರೆ ಬಾಲವೇ ಇಲ್ಲ, ಬರೀ ನುಣ್ಣಗಿನ ಕಬ್ಬಿಣ, ಒದ್ದೆ ಬೆರಳು ಜಾರುತ್ತಿದೆ, ಮಳೆ ಮಗುವಿನ ಮುಖಕ್ಕೇ ಹೊಡೆಯುತ್ತಿದೆ, ಅವಳು ಹಿಂದುಮುಂದು ನೋಡದೆ ಹೊರಗೆ ಜಿಗಿದು ಹೊರಗಿನಿಂದ ಎಳೆದಳು, ಸರ್‍ರ್. ಒಳಗಿಂದ ಅವನ ನಗು ಶುರುವಾಯಿತು, ಮೊದಲು ಬಿಕ್ಕಳಿಕೆಯ ಹಾಗೆ, ಆಮೇಲೆ ಟೆಂಟೇ ಅಲ್ಲಾಡುವ ಹಾಗೆ — ಊರಿಗೆಲ್ಲ ಬಾಗ್ಲು ಹೊಲೀತಾಳೆ ಮಹಾತಾಯಿ, ಸ್ವಂತ ಮನೆಗೆ ತಾನೇ ಹೊರಗೆ! ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದು ಕುಕ್ಕರಗಾಲಲ್ಲಿ ಕೂತು ಅವಳೂ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು, ರೀ, ನೀವು ಹೊರಗೆ ಬನ್ನಿ ನಾನು ಒಳಗೆ ಬರ್ತೀನಿ, ಬರಲ್ಲ ಹೋಗೇ, ಒಳಗೆ ಬೆಚ್ಚಗಿದೆ. ಆಗ ಜಿಪ್ಪಿನ ಕೆಳತುದಿಯಲ್ಲಿ, ಹಲ್ಲು ಕೂಡದ ಅರ್ಧ ಇಂಚಿನ ಸಂದಿನಲ್ಲಿ, ಒಂದು ಬೆರಳು ಹೊರಬಂತು. ತುದಿಯಲ್ಲಿ ಬ್ರೆಡ್ಡಿನ ಚೂರು ಅಂಟಿದ ಪುಟ್ಟ ತೋರುಬೆರಳು, ಮೇಲೆ ಕೆಳಗೆ ಆಡಿತು. ಅಮ್ಮ ಇದೀಯಾ? ಇದೀನಿ ಬಂಗಾರ. ಬೆರಳು ಒಳಗೆ ಹೋಗುತ್ತದೆ, ಮತ್ತೆ ಬರುತ್ತದೆ. ಅಮ್ಮ ಇದೀಯಾ? ಇಲ್ಲೇ ಇದೀನಿ. ಮಳೆ ನಿಲ್ಲುವವರೆಗೂ ಅದನ್ನು ಹಿಡಿದುಕೊಂಡೇ ಕೂತಿದ್ದಳು, ಅಷ್ಟು ಬಿಸಿ, ಅಷ್ಟು ಚಿಕ್ಕದು.

ಅದೊಂದೇ ಭಾನುವಾರ. ಆಮೇಲೆ ಹೊಸ ಮ್ಯಾನೇಜರು ಬಂದ, ಹಾಳೆ ಬಂತು, ಸೀಸನ್ನು ಬಂತು, ಹೋಗದ ಸೀಸನ್ನು, ಮುಂದಿನ ತಿಂಗಳು ಹೋಗೋಣ ಪುಟ್ಟಾ, ಮುಂದಿನ ತಿಂಗಳು ಒಳಗಿನ ಬಾಲ ಹಾಕಿ ರೆಡಿ ಮಾಡ್ತೀನಿ, ಬಾಲ ಹಾಕಲಿಲ್ಲ, ಮಗಳು ಎತ್ತರವಾದಳು, ಟೆಂಟಿನೊಳಗೆ ಕಾಲು ಚಾಚಿದರೆ ಹಿಡಿಸದಷ್ಟು, ಕೇಳುವುದನ್ನು ನಿಲ್ಲಿಸಿದಳು, ಅವಳು ಕೇಳುವುದನ್ನು ನಿಲ್ಲಿಸಿದ್ದು ಯಾವ ಭಾನುವಾರ ಅಂತ ನೆನಪು ಮಾಡಿಕೊಳ್ಳಲು ನೋಡಿದರೆ ಬರೀ ಜಿಪ್ಪು, ಕೆಂಪು ಜಿಪ್ಪು, ಹಸಿರು ಜಿಪ್ಪು. ನಗುವ ಅಪ್ಪ ನಗುವ ಅಮ್ಮ ನಗುವ ಮಗು, ಸಾವಿರ ಮಕ್ಕಳನ್ನು ಬೆಚ್ಚಗೆ ಮಲಗಿಸಿದವಳು ತನ್ನದೊಂದನ್ನು ನಾಳೆ ನಾಳೆ ಅಂತ ಮಲಗಿಸಿದಳು. ಮೂರು ಟೇಬಲ್. ಒಮ್ಮೆ ಒಬ್ಬಳು ಸಹಿ ಹಾಕಲಿಲ್ಲ, ಹಳೇ ಬಾಲದಕ್ಕ, ನನ್ನ ಇಚ್ಛೆ ನಾನು ಬರ್ಕೋತೀನಿ ಕೊಡಿ ಸ್ವಾಮಿ ಪೆನ್ನು ಅಂದಳು, ಎಲ್ಲರೂ ನಕ್ಕರು, ಮರುದಿನ ಅವಳನ್ನು ಗೇಟಿನ ಹತ್ತಿರದ ದಾರ ಕತ್ತರಿಸುವ ಬೆಂಚಿಗೆ ಹಾಕಿದರು, ಆ ಬೆಂಚಿನಿಂದ ಗೇಟಿಗೆ ನಾಲ್ಕೇ ಹೆಜ್ಜೆ, ಎರಡು ತಿಂಗಳಲ್ಲಿ ಆ ನಾಲ್ಕು ಹೆಜ್ಜೆಯೂ ಆಯಿತು, ಆವತ್ತು ನಲವತ್ತು ಜನರಲ್ಲಿ ಒಬ್ಬಳೂ ತಲೆ ಎತ್ತಲಿಲ್ಲ, ಜಿಪ್ಪಮ್ಮನೂ ಎತ್ತಲಿಲ್ಲ, ಅದು ಮುಂದಿನ ಟೇಬಲಿನ ವಿಷಯ. ಈಗ ಆ ಜಾಗದಲ್ಲಿರುವ ಹೊಸ ಹುಡುಗಿಗೆ ಎಂಟು ತಿಂಗಳ ಕೂಸು, ಈ ಹೊತ್ತಿಗೆ ದಿನವೂ ಅವಳ ಕುಪ್ಪಸದ ಮುಂದೆ ಹಾಲಿನ ಒದ್ದೆ, ಸೆರಗು ಎಳೆದುಕೊಳ್ಳುತ್ತಾಳೆ, ಪಾಪ, ಬಾಲ ಪೋಣಿಸುತ್ತಾಳೆ. ಹಿಂದೆ ಕಿಟಕಿಯಕ್ಕನ ಮೆಷಿನ್ನು ನಿಂತಿತು, ಪೆನ್ನಿನ ಸದ್ದು, ಏನ್ಮಾಡೋದು ಜಿಪ್ಪಮ್ಮಾ, ಹಾಕ್ದೆ ಕಣೇ. ಈಗ ಹಲಗೆ ಅವಳ ಕಿತ್ತಳೆ ಬಟ್ಟೆಯ ಮೇಲೆ ಬಂದು ಕೂತಿದೆ.

ಏನಮ್ಮ ಜಿಪ್ಪಮ್ಮ, ಬೇಗ ಬೇಗ. ಪೆನ್ನು ಕೈಯಲ್ಲಿ. ಸಾರ್, ಈ ಭಾನುವಾರ ಮೊಮ್ಮಗೂನ — ಎಲ್ರಿಗೂ ಮೊಮ್ಮಕ್ಕಳಿದಾರೆ ಕಣಮ್ಮ, ಬೆಂಚ್ ಖಾಲಿ ಇದೆ ನೋಡು ಗೇಟ್ ಹತ್ರ. ಬೆಂಚು ಕಾಣುತ್ತಿದೆ, ಗೇಟೂ ಕಾಣುತ್ತಿದೆ, ಗೇಟು ಹೊರಗಿನಿಂದ ಮುಚ್ಚುವಂಥದ್ದು, ಮುಂದಿನ ಟೇಬಲಿನಲ್ಲಿ ಹುಡುಗಿ ತಲೆ ಎತ್ತಿ ಇವಳ ಕೈಯನ್ನೇ ನೋಡುತ್ತಿದ್ದಾಳೆ, ಕಣ್ಣು ಮಿಟುಕಿಸದೆ, ಸೆರಗು ಎಳೆದುಕೊಳ್ಳುವುದನ್ನೂ ಮರೆತು, ಗೆರೆ ಖಾಲಿ ಇದೆ, ಗೆರೆಯ ಮೇಲೆ ಅರ್ಧ ಇಂಚು ಜಾಗ, ಅರ್ಧ ಇಂಚು — ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. ಹಲಗೆಯನ್ನು ಖಾಲಿ ಗೆರೆಯ ಸಮೇತ ಮುಂದಿನ ಟೇಬಲಿಗೆ ಸರಿಸಿದಳು. ಏಯ್, ಏನಮ್ಮ ಇದು, ಅನ್ನುತ್ತಿದ್ದಾನೆ, ಏನೇನೋ ಅನ್ನುತ್ತಿದ್ದಾನೆ, ಸುತ್ತ ಒಂದೊಂದೇ ಮೆಷಿನ್ನು ನಿಲ್ಲುತ್ತಿದೆ, ಬಿಸಿಲ ಕೋಲಿನಲ್ಲಿ ಧೂಳು, ಕಿತ್ತಳೆ, ನೀಲಿ, ಮಸುಕು ನೀಲಿ, ಮಳೆ, ಜಿಪ್ಪಿನ ಕೆಳತುದಿ, ಸಂದು, ಬ್ರೆಡ್ಡಿನ ಚೂರು ಅಂಟಿದ ಬೆರಳು, ಮೇಲೆ, ಕೆಳಗೆ, ಅಮ್ಮ ಇದೀಯಾ, ಬೆರಳು, ಅಜ್ಜಿ ಇದೀಯಾ, ಅದೇ ಬೆರಳು