ಇನ್ನು ಹದಿನಾಲ್ಕು ಫ್ರೇಮು

"ಇನ್ನೊಂಚೂರು ಬಗ್ಗಿಸಿ ಹಿಡ್ಕೋ ತಾಯಿ. ಬಿಟ್ಟೀಯ ಮತ್ತೆ, ಮುಖಕ್ಕೆ ಹೊಡೆದೀತು" ಎಂದರು ಕಲ್ಲೇಶಪ್ಪ, ದಬ್ಬೆಯ ಆಚೆ ತುದಿಗೆ ಹಗ್ಗ ಬಿಗಿಯುತ್ತ.

ತನುಜಾ ಎರಡೂ ಕೈಯಿಂದ ಬಿದಿರಿನ ದಬ್ಬೆಯನ್ನು ಬಿಲ್ಲಿನಂತೆ ಬಗ್ಗಿಸಿ ಹಿಡಿದಳು. ತೀರಿಕೊಂಡ ಚಿಕ್ಕಪ್ಪನನ್ನು ಕೂರಿಸಿ ಹೊರಲು ಅಂಗಳದಲ್ಲಿ ವಿಮಾನ ಕಟ್ಟುತ್ತಿದ್ದರು. ಮೂರನೆಯ ಬಿಲ್ಲು ಎರಡನೆಯದರಿಂದ ಒಂದು ಗೇಣು ಹೆಚ್ಚೇ ದೂರ ಬಿದ್ದಿತ್ತು. ಹೀಗೇ ಕಟ್ಟಿದರೆ ಮುಂದಿನ ಭಾಗ ಸೊಟ್ಟಗಾಗುತ್ತದೆ ಎಂದು ಹೇಳಬೇಕೆನಿಸಿತು. ಆದರೆ ಅವಳು ಯಾವತ್ತೂ ಮೊದಲು ನೋಡುವವಳು, ಆಮೇಲೂ ಹೇಳದವಳು.

ಜಗಲಿಯ ಗೋಡೆಗೆ ಒರಗಿಸಿ ಚಿಕ್ಕಪ್ಪ ಓಂಕಾರಮೂರ್ತಿಯವರನ್ನು ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಎರಡು ವರ್ಷದಿಂದ ಅದುರುತ್ತಿದ್ದ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಪಕ್ಕದಲ್ಲಿ ಚಿಕ್ಕಮ್ಮ ಯಶೋದಾ ಅತ್ತು ಅತ್ತು ಸಾಕಾಗಿ, ಬಂದವರಿಗೆಲ್ಲ ಗಂಡನ ಕೆಲಸದ ಬಗ್ಗೆ ಹೇಳುತ್ತಿದ್ದಳು. ಬೀರೂರಿನ ಆಫೀಸಿನಲ್ಲಿ ಕೂತು ಸಮುದ್ರದ ಹಡಗಿಗೆ ಪಕ್ಕೆಲುಬು ಕೂರಿಸುತ್ತಿದ್ದರಂತೆ. ಇಡೀ ಅಜ್ಜಂಪುರದಲ್ಲಿ ಅಂಥ ಕೆಲಸ ಬರುತ್ತಿದ್ದದ್ದು ಅವರೊಬ್ಬರಿಗೇ ಅಂತೆ.

"ಹಡಗು ಕಟ್ಟಿದೋನು ಕೊನೆಗೆ ವಿಮಾನದಲ್ಲಿ ಹೊಂಟ ನೋಡು" ಎಂದಳು ಪಕ್ಕದ ಮನೆಯ ಕರಿಬಸಮ್ಮ, ಎಲೆಯಡಿಕೆ ಮೆಲ್ಲುತ್ತ. "ಅಲ್ಲ ಕಣೇ ಯಶೋದಾ, ಒಂದ್ಸಲನಾದ್ರೂ ಸಮುದ್ರ ನೋಡಿದ್ನಾ?"

"ಎಲ್ಲಿ ನೋಡಿದ್ರು ಅಜ್ಜೀ. ಬಿಡುವೆಲ್ಲಿತ್ತು."

ತನುಜಾಳ ಕೈಯಿಂದ ದಬ್ಬೆ ಜಾರಿ ಚಟ್ಟನೆ ನೆಟ್ಟಗಾಯಿತು. ಕಲ್ಲೇಶಪ್ಪ ಬೈಯಲಿಲ್ಲ. ನಿನ್ನೆ ಸಂಜೆ ಬೀರೂರಿನಿಂದ ಬರುವ ಬಸ್ಸಿನಲ್ಲಿ ಚಿಕ್ಕಪ್ಪನ ಪಕ್ಕದ ಸೀಟಿನಲ್ಲಿ ಕೂತಿದ್ದವಳು ಅವಳೇ ಎಂದು ಅವರಿಗೂ ಗೊತ್ತಿತ್ತು.

*

ಅವಳು ಆ ಆಫೀಸಿಗೆ ಹೋಗಿದ್ದು ಕಸ ಗುಡಿಸಿ ಟೀ ಕಾಯಿಸಲು. ಹತ್ತನೆಯ ತರಗತಿಗೇ ಓದು ನಿಂತಿತ್ತು. ರೈಲ್ವೆ ಸ್ಟೇಷನ್ನಿನ ಹತ್ತಿರ, ಮಹಡಿಯ ಮೇಲೆ ಎರಡು ಕೋಣೆ, ಐದು ಕಂಪ್ಯೂಟರು. ಕರಾವಳಿಯ ಹಡಗುಕಟ್ಟೆಯವರು ಹಡಗಿನ ಹೊರಮೈಯನ್ನಷ್ಟೇ ಬರೆದು ಕಳಿಸುತ್ತಿದ್ದರು. ಅದು ಪರದೆಯ ಮೇಲೆ ತಿರುಳು ತೆಗೆದ ಹಲಸಿನ ಸಿಪ್ಪೆಯಂತೆ ಅಂಗಾತ ಬಿದ್ದಿರುತ್ತಿತ್ತು. ಒಳಗೆ ಅರವತ್ತು ಸೆಂಟಿಮೀಟರಿಗೊಂದರಂತೆ ಪಕ್ಕೆಲುಬಿನಂಥ ಫ್ರೇಮು ಕೂರಿಸುವುದು ಇಲ್ಲಿಯ ಕೆಲಸ. ಒಂದೊಂದೂ ಹೊರಮೈಯ ಬಾಗಿಗೆ ಅಂಟಿಕೊಂಡೇ ಬಾಗಬೇಕು. ಕೂದಲೆಳೆಯಷ್ಟು ಬಿಟ್ಟುಕೊಂಡರೂ ಅಲ್ಲಿ ಕಬ್ಬಿಣ ಕತ್ತರಿಸುವವರು ಬಾಯಿಗೆ ಬಂದಂತೆ ಬೈಯುತ್ತಿದ್ದರು.

ಟೀ ಲೋಟ ಇಟ್ಟು ಅವಳು ಚಿಕ್ಕಪ್ಪನ ಬೆನ್ನ ಹಿಂದೆ ನಿಲ್ಲುತ್ತಿದ್ದಳು. ಹಡಗಿನ ಫ್ರೇಮುಗಳನ್ನು ಹಿಂದಿನಿಂದ ಎಣಿಸಬೇಕು, ಸೊನ್ನೆ ಚುಕ್ಕಾಣಿಯ ಹತ್ತಿರ ಎಂದು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ನೋಡಿಯೇ ಕಲಿತಳು.

ಒಂದು ಮಧ್ಯಾಹ್ನ ಉಳಿದವರು ಊಟಕ್ಕೆ ಹೋಗಿದ್ದಾಗ ಚಿಕ್ಕಪ್ಪ ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತಿದ್ದರು. ಪರದೆಯ ಮೇಲಿನ ಬಾಣ ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿತ್ತು.

"ಬಾ ಇಲ್ಲಿ. ಈ ಮೂವತ್ತೆಂಟನೇದು ಕೂರಿಸು ನೋಡನ."

ಕೂರಿಸಿದಳು. ಚಿಕ್ಕಪ್ಪ ಬಹಳ ಹೊತ್ತು ಅದನ್ನೇ ನೋಡಿದರು. ಚೆನ್ನಾಗಿದೆ ಎನ್ನಲಿಲ್ಲ.

ಅಂದಿನಿಂದ ಅವರ ಕುರ್ಚಿ ಮೂಲೆಗೆ, ಗೋಡೆಯ ಕಡೆಗೆ ಹೋಯಿತು. ಅವಳಿಗೆ ಪಕ್ಕದಲ್ಲೊಂದು ಸ್ಟೂಲು. ಕಣ್ಣು ಮಂಜಾಗಿದೆ, ಹುಡುಗಿ ಅಂಕಿ ಓದಿ ಹೇಳುತ್ತಾಳೆ ಎಂದು ಉಳಿದವರಿಗೆ ಹೇಳಿದರು. ಯಾರಾದರೂ ಬರುವ ಸಪ್ಪಳವಾದರೆ ತಮ್ಮ ಕೈಯನ್ನು ಅವಳ ಕೈಯ ಮೇಲಿಟ್ಟು ಮೌಸು ಮುಚ್ಚುತ್ತಿದ್ದರು. ಆ ಅಂಗೈಯ ನಡುಕ ಅವಳ ಮೊಣಕೈವರೆಗೂ ಹತ್ತುತ್ತಿತ್ತು. ಕೆಲಸ ಮುಗಿಸಿ ಹಾಳೆ ತೆಗೆದರೆ ಕೆಳಮೂಲೆಯ ಚೌಕದಲ್ಲಿ 'ಬರೆದವರು: ಓಂಕಾರಮೂರ್ತಿ' ಎಂದೂ ಅದರ ಪಕ್ಕ ಅವತ್ತಿನ ತಾರೀಖು, ಗಂಟೆಯೂ ತಾವಾಗಿಯೇ ಬೀಳುತ್ತಿದ್ದವು.

ಏಳು ಹಡಗು ಹಾಗೆ ಹೋದವು. ಪ್ರತಿಯೊಂದು ಹೋದಾಗಲೂ ಅವಳು ಬಸ್ಸಿನಲ್ಲಿ ಕೇಳುತ್ತಿದ್ದಳು, ಮಾಲೀಕರಿಗೆ ಹೇಳಿದಿರಾ ಎಂದು. ಅವಳಿಗೆ ಬೇಕಿದ್ದದ್ದು ಆ ಕುರ್ಚಿ, ಆ ಚೌಕದಲ್ಲಿ ತನ್ನ ಹೆಸರು.

"ನಾಳೆ ಹೇಳ್ತೀನಿ ಬಿಡು" ಎನ್ನುತ್ತಿದ್ದರು. ನಿನ್ನೆಯೂ ಅದನ್ನೇ ಹೇಳಿ ಕಿಟಕಿಗೆ ತಲೆ ಆನಿಸಿದರು. ಅಜ್ಜಂಪುರ ಬಂದಾಗ ಏಳಲಿಲ್ಲ.

*

ಮಧ್ಯಾಹ್ನ ವಿಮಾನ ಹೊಲಕ್ಕೆ ಬಂತು. ತೆಂಗಿನ ಸಾಲಿನ ಆಚೆ ಗುಣಿ ತೋಡಿದ್ದರು. ಮಠದ ಅಯ್ಯನವರು ಗುಣಿಯೊಳಗೆ ವಿಭೂತಿ ಗಟ್ಟಿಗಳನ್ನು ಜೋಡಿಸುತ್ತಿದ್ದಾಗ ಆಫೀಸಿನ ಮಾಲೀಕ ವಿಶ್ವನಾಥ್ ಕಾರಿನಿಂದ ಇಳಿದು ಬಂದರು. ಹಾರ ಹಾಕಿದರು, ಯಶೋದಾಳಿಗೆ ಕೈ ಮುಗಿದರು, ಓಂಕಾರಮೂರ್ತಿಯಂಥ ಕೈ ಇನ್ನು ಸಿಗುವುದಿಲ್ಲ ಎಂದರು. ಈ ಎರಡು ವರ್ಷದಲ್ಲಿ ಅವರ ಕೆಲಸದಲ್ಲಿ ಒಂದು ತಪ್ಪೂ ಬರಲಿಲ್ಲವಂತೆ. ಸುತ್ತ ನಿಂತವರು ಹೌದು ಹೌದೆಂದು ತಲೆಯಾಡಿಸಿದರು.

ಆಮೇಲೆ ಅವರು ತನುಜಾಳನ್ನು ಒಂದು ತೆಂಗಿನ ಮರದ ಮರೆಗೆ ಕರೆದರು. ಅರ್ಧಕ್ಕೆ ನಿಂತ ಎಂಟನೆಯ ಹಡಗಿನ ನಕ್ಷೆ ಸಂಜೆ ಆರರೊಳಗೆ ಹೋಗಲೇಬೇಕಿತ್ತು. ಮೂತಿಯ ಕಡೆಯ ಹದಿನಾಲ್ಕು ಫ್ರೇಮು ಇನ್ನೂ ಬಾಕಿ ಎಂದರು.

ತನುಜಾ ನೆಲ ನೋಡಿಕೊಂಡು ನಿಂತಳು. ಈಗ ಹೇಳದಿದ್ದರೆ ಮಣ್ಣು ಬಿದ್ದ ಮೇಲೆ ಹೇಳಿದಂತಾಗುತ್ತದೆ, ಅದು ಇನ್ನೂ ಕೆಟ್ಟದ್ದು ಎನಿಸಿತು.

"ಸಾರ್, ಅದೆಲ್ಲ ನಾನೇ ಮಾಡಿದ್ದು. ಎರಡು ವರ್ಷದಿಂದ."

ವಿಶ್ವನಾಥ್ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಗೊತ್ತಮ್ಮ."

ಅವಳು ತಲೆ ಎತ್ತಿದಳು.

"ಮೂರ್ತಿಯವರೇ ಹೇಳಿದ್ರು, ಶುರುವಿನಲ್ಲೇ. ಹುಡುಗಿ ಮಾಡ್ತಾಳೆ, ಕೆಲಸ ನಡೀಲಿ, ಆದ್ರೆ ನಿಮಗೆ ಗೊತ್ತಿದೆ ಅಂತ ಅವಳಿಗೆ ಹೇಳ್ಬೇಡಿ ಅಂದ್ರು. ಗೊತ್ತಾದ್ರೆ ನಾಳೆನೇ ನನ್ ಕುರ್ಚಿ ಕೇಳ್ತಾಳೆ ಅಂದ್ರು. ನಂಗೂ ಅದೇ ಸರಿ ಅನ್ನಿಸ್ತು. ಹತ್ತನೇ ಕ್ಲಾಸಿನೋಳ ಹೆಸರು ಹಾಕಿ ಕಳ್ಸಿದ್ರೆ ಹಡಗುಕಟ್ಟೆಯೋರು ತಗೋತಾರಾ?"

ಸೋಮವಾರ ಶಿವಮೊಗ್ಗದಿಂದ ಡಿಪ್ಲೊಮಾ ಆದವನೊಬ್ಬ ಬರುತ್ತಾನೆ, ಅವನು ಆ ಕುರ್ಚಿಯಲ್ಲಿ ಕೂರುತ್ತಾನೆ, ನೀನು ಸ್ಟೂಲಿನಲ್ಲಿ ಕೂತು ಅವನಿಗೆ ತೋರಿಸಿಕೊಡು ಎಂದರು. ಇವತ್ತಿನ ಹದಿನಾಲ್ಕು ಮಾತ್ರ ಹೇಗಾದರೂ ಮುಗಿಸಿಕೊಡಬೇಕು.

"ಇವತ್ತು ಹೆಂಗೆ ಸಾರ್ ಬರ್ಲಿ..."

"ನಮ್ಮಲ್ಲಿ ಸೂತಕ ಇಲ್ವಲ್ಲಮ್ಮ. ಬಸವಣ್ಣೋರೇ ಬೇಡ ಅಂದಿದಾರೆ."

ಅಷ್ಟರಲ್ಲಿ ಮಣ್ಣು ಹಾಕಲು ಕರೆದರು. ಚಿಕ್ಕಪ್ಪನನ್ನು ಗುಣಿಯ ಗೂಡಿನಲ್ಲಿ ಕೂರಿಸಿ ಆಗಿತ್ತು. ಒಬ್ಬೊಬ್ಬರೂ ಬಿಲ್ವಪತ್ರೆ ಹಾಕಿ, ಒಂದೊಂದೇ ಹಿಡಿಯಾಗಿ ಮೂರು ಸಲ ಮಣ್ಣು ಹಾಕಿ, ನಿಂತು ಕೈ ಮುಗಿದು ಹೋಗುತ್ತಿದ್ದರು. ತನುಜಾ ಬೊಗಸೆ ತುಂಬ ಮಣ್ಣು ತೆಗೆದು ಒಂದೇ ಸಲ ಸುರಿದು ತಿರುಗಿದಳು.

"ಲೇ, ಮೂರ್ಸಲ ಹಾಕ್ಬೇಕು ಕಣೇ" ಎಂದಳು ಕರಿಬಸಮ್ಮ.

"ಪಾಪ, ಸಂಕಟ ಅವಳಿಗೆ. ಅಪ್ಪನಿಗಿಂತ ಹೆಚ್ಚಾಗಿ ನೋಡ್ಕೊಂಡಿದ್ರು" ಎಂದು ಯಶೋದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ವಿಶ್ವನಾಥ್ ಬಂದು ವಿಷಯ ತಿಳಿಸಿದಾಗ, ಅವರು ಹಿಡಿದ ಕೆಲಸ ಅರ್ಧಕ್ಕೆ ನಿಲ್ಲಬಾರದು, ಹೋಗಿ ಬಾ ಎಂದು ಅವಳ ಬೆನ್ನು ಸವರಿ ಕಳಿಸಿದಳು.

*

ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಎಲ್ಲರಿಗೂ ರಜೆ ಕೊಟ್ಟಿದ್ದರು. ತನುಜಾ ಸ್ಟೂಲನ್ನು ಕಾಲಿನಿಂದ ಆಚೆ ತಳ್ಳಿ ಕುರ್ಚಿಯಲ್ಲಿ ಕೂತಳು. ವಿಶ್ವನಾಥ್ ನೋಡಿಯೂ ನೋಡದವರಂತೆ ಬಾಗಿಲ ಬಳಿ ಫೋನಿನಲ್ಲಿ ಮಾತಾಡುತ್ತ ನಿಂತರು.

ಮೂತಿಯ ಕಡೆಗೆ ಹಡಗು ಸಣ್ಣಗಾಗುತ್ತ ಹೋಗುತ್ತದೆ. ಅಲ್ಲಿ ಫ್ರೇಮುಗಳು ಹತ್ತಿರ ಹತ್ತಿರ, ಬಾಗೂ ಕಡಿದು. ಯಂತ್ರ ತಾನಾಗಿ ಕೊಟ್ಟ ಗೆರೆಯನ್ನು ನಂಬುವಂತಿಲ್ಲ, ಒಂದೊಂದನ್ನೂ ತಿರುಗಿಸಿ ನೋಡಿ ತಿದ್ದಬೇಕು. ಒಂದನ್ನಾದರೂ ಸೊಟ್ಟ ಬಿಡಲೇ ಎಂದು ಯೋಚಿಸಿದಳು. ಎರಡು ಸಲ ಯೋಚಿಸಿದಳು. ಕೈ ಕೇಳಲಿಲ್ಲ. ಹದಿನಾಲ್ಕೂ ಹೊರಮೈಗೆ ಅಂಟಿ ಕೂತವು.

"ಆಯ್ತಾ?" ವಿಶ್ವನಾಥ್ ಫೋನಿಗೆ ಕೈ ಅಡ್ಡ ಹಿಡಿದು ಕೇಳಿದರು. "ತಾರೀಖೊಂದು ಮೊನ್ನೇದು ಹಾಕ್ಬಿಡು. ಮೂರ್ತಿಯವರು ಹೋದ ಸುದ್ದಿ ಹಡಗುಕಟ್ಟೆಯೋರಿಗೂ ಮುಟ್ಟಿದೆ."

ತನುಜಾ ತಲೆಯಾಡಿಸಿದಳು. ಅವರು ಮತ್ತೆ ಫೋನಿಗೆ ತಿರುಗಿಕೊಂಡರು.

ಅವಳು ತಾರೀಖು ಮುಟ್ಟಲಿಲ್ಲ. ಕಳಿಸು ಎಂಬುದನ್ನು ಒತ್ತಿದಳು. ಪರದೆಯ ಮೇಲೆ ಹಾಳೆ ಒಂದು ಗಳಿಗೆ ಇಡಿಯಾಗಿ ತೆರೆದು ನಿಂತಿತು. ಬಲಗಡೆಯ ಕೆಳಮೂಲೆಯ ಚೌಕದಲ್ಲಿ ಸಣ್ಣ ಅಕ್ಷರ: ಬರೆದವರು, ಓಂಕಾರಮೂರ್ತಿ. ಇವತ್ತಿನ ತಾರೀಖು. ಸಂಜೆ ಐದು ಗಂಟೆ ನಲವತ್ತು ನಿಮಿಷ.