ಎಡಗಡೆಯ ಕಿಟಕಿ

ಅವ್ವನಿಗೆ ವಿಮಾನ ಹತ್ತಿ ಯಾವ ಊರಿಗೂ ಹೋಗಬೇಕಾಗಿರಲಿಲ್ಲ. ಗಲಗಲಿಯ ಹತ್ತಿರ ಹೊಳೆಯ ದಂಡೆಯಲ್ಲಿದ್ದ ಅವಳ ತವರುಮನೆ ಹಿನ್ನೀರಿನಲ್ಲಿ ಮುಳುಗಿ ಹದಿನೈದು ವರ್ಷದ ಮೇಲಾಗಿತ್ತು. ಆ ಜಾಗವನ್ನು ಒಮ್ಮೆ ಮೇಲಿನಿಂದ ನೋಡಬೇಕು, ಅಷ್ಟೇ. ಆ ಮನೆಯ ಪಡಸಾಲೆಯಲ್ಲಿ ನೆಲ ತೋಡಿ ಮಾಡಿದ ಕುಣಿ ಮಗ್ಗವಿತ್ತು. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಎಂಟನೆಯ ವಯಸ್ಸಿಗೆ ಅವಳು ನೇಯಲು ಕಲಿತದ್ದು ಅಲ್ಲಿಯೇ.

"ದಂಡಿ ಮ್ಯಾಲ ನಿಂತ್ರ ಬರೇ ನೀರ ಕಾಣತೈತಿ ಬೇ ವಂದನಾ. ಮ್ಯಾಲಿಂದ ನೋಡಿದ್ರ ಮನಿ ಎಲ್ಲಿತ್ತಂತ ತಿಳೀತೈತಿ," ಎನ್ನುತ್ತಿದ್ದಳು.

ನಾನು ಬನಹಟ್ಟಿಯಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. 2019ರ ಡಿಸೆಂಬರಿನಲ್ಲಿ ಬೆಳಗಾವಿಯಿಂದ ಹೈದರಾಬಾದಿಗೆ ಹೋಗುವ ವಿಮಾನದಲ್ಲಿ ಎರಡು ಸೀಟು ಹಿಡಿಯಲು ಕೂತೆ. ಮೊದಲು ನಕಾಶೆಯ ಮೇಲೆ ಪಟ್ಟಿ ಇಟ್ಟು ಗೆರೆ ಎಳೆದೆ. ಗಲಗಲಿ ಎಡಗಡೆಗೆ, ಸುಮಾರು ಇಪ್ಪತ್ತೈದು ಕಿಲೋಮೀಟರ್ ದೂರ ಬರುತ್ತಿತ್ತು. ಅಷ್ಟು ದೂರದಿಂದ ನೀರು ಕಂಡೀತು, ಜಾಗ ಗುರುತಾಗದು. ಅದಕ್ಕೆ ಅವ್ವನ ತಮ್ಮ ಧರೆಪ್ಪ ಮಾವನಿಗೆ ಫೋನ್ ಮಾಡಿ, ವಿಮಾನ ಹಾಯುವ ಹೊತ್ತಿಗೆ ದಂಡೆಯ ಮೇಲೆ ನಿಂತು ಕನ್ನಡಿಯಿಂದ ಬಿಸಿಲನ್ನು ನಮ್ಮ ಕಡೆ ಹೊಳೆಯಿಸಲು ಹೇಳಿದೆ. ಅಂಗೈಯಗಲದ ಕನ್ನಡಿಯ ಮಿಂಚು ಅಷ್ಟು ದೂರ ಆರಾಮಾಗಿ ಮುಟ್ಟುತ್ತದೆ.

ದುಡ್ಡು ಕಟ್ಟುವ ಪುಟ ನಡುವೆಯೇ ನಿಂತುಬಿಟ್ಟಿತು. ಅಂತರ್ಜಾಲದಲ್ಲಿ ಸಹಾಯವಾಣಿಯ ಸಂಖ್ಯೆ ಹುಡುಕಿ, ಮೊದಲು ಸಿಕ್ಕಿದ್ದಕ್ಕೆ ಕರೆ ಮಾಡಿದೆ. ಆ ಕಡೆಯವನದು ತಾಳ್ಮೆಯ ದನಿ. ನಾನು ಅವನನ್ನು ವಿದ್ಯಾರ್ಥಿಯಂತೆ ಪರೀಕ್ಷಿಸಿದೆ. ರೆಕ್ಕೆ ಅಡ್ಡ ಬರುವುದಿಲ್ಲವೇ? "ಈ ವಿಮಾನದ ರೆಕ್ಕೆ ಕಿಟಕಿಗಿಂತ ಮೇಲಿರುತ್ತೆ ಮೇಡಂ, ಕೆಳಗಿನದು ಮರೆಯಾಗಲ್ಲ." ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲವೇ? "ಆ ಹೊತ್ತಿಗೆ ಸೂರ್ಯ ಬಲಗಡೆ. ನೀವು ಎಡಗಡೆ ಕೂಡಿ. ಹಿನ್ನೀರು ಬೆರಳು ಬಿಡಿಸಿದ ಕೈ ಹಾಗೆ ಕಾಣುತ್ತೆ, ನಾನೇ ನೋಡಿದ್ದೀನಿ."

ಎಲ್ಲ ಉತ್ತರವೂ ಸರಿಯಿತ್ತು. ಅವನು ಹೇಳಿದ ಖಾತೆಗೆ ಒಂಬತ್ತು ಸಾವಿರ ಕಳಿಸಿದೆ. ಅರ್ಧ ಗಂಟೆಯಲ್ಲಿ ಟಿಕೆಟ್ ಬಂದವು. ಅವ್ವನದು: ಅನಸವ್ವ, ನಾಲ್ಕನೆಯ ಸಾಲು, ಕಿಟಕಿ.

ಬೆಳಗಾವಿಯ ನಿಲ್ದಾಣದ ಬಾಗಿಲಲ್ಲಿ ಕಾವಲುಗಾರ ಟಿಕೆಟ್ ನೋಡಿ ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿದ. ವಿಮಾನ ಕಂಪನಿಯ ಹುಡುಗಿ ಬಂದು ಟಿಕೆಟ್ ಸಂಖ್ಯೆಯನ್ನು ಎರಡು ಸಲ ಒತ್ತಿ ನೋಡಿದಳು.

"ವಿಮಾನ ಖರೆ ಐತ್ರಿ. ಈ ಸೀಟೂ ಐತಿ. ಆದ್ರ ಅದರಾಗ ಬ್ಯಾರೇದವ್ರ ಹೆಸರೈತಿ. ನಿಮ್ಮ ಟಿಕೆಟ್ ನಮ್ಮದಲ್ರಿ."

ಖಾಲಿ ಸೀಟು ಒಂದೂ ಇರಲಿಲ್ಲ. ಆ ಸಹಾಯವಾಣಿಗೆ ಕರೆ ಮಾಡಿದರೆ ಫೋನ್ ಬಂದ್ ಆಗಿತ್ತು. ಬ್ಯಾಂಕಿಗೆ ತಿಳಿಸಿದೆ, ಪೊಲೀಸರಿಗೂ ತಿಳಿಸಿದೆ. ಆಮೇಲೆ ಅವ್ವನ ಮುಖ ನೋಡುವ ಧೈರ್ಯವಾಗದೆ ಕಾಂಪೌಂಡಿನ ತಂತಿ ಹಿಡಿದು ನಿಂತೆ. ನಾನು ಪರೀಕ್ಷಿಸಿದ್ದು ಕಿಟಕಿಯನ್ನು, ಟಿಕೆಟ್ಟನ್ನಲ್ಲ.

ಅಷ್ಟರಲ್ಲಿ ನಮ್ಮ ವಿಮಾನ ಓಡತೊಡಗಿತು. ರೆಕ್ಕೆ ನಿಜಕ್ಕೂ ಕಿಟಕಿಗಳ ಮೇಲಿತ್ತು. ಅವ್ವ ಸೆರಗನ್ನು ಬಾಯಿಗೆ ಒತ್ತಿ ನೋಡಿದಳು. ಗಾಲಿ ಮತ್ತು ನೆಲದ ನಡುವೆ ಒಂದು ಗೇಣು ಬೆಳಕು ಮೂಡಿತು. ಅದು ಆಳೆತ್ತರವಾಯಿತು, ಮರದೆತ್ತರವಾಯಿತು. ಹೀಗೇಕೆ ಆಗುತ್ತದೆಂದು ನಾನು ಪ್ರತಿವರ್ಷ ಹಲಗೆಯ ಮೇಲೆ ಬರೆಯುತ್ತೇನೆ. ಆದರೂ ತುದಿಗಾಲಲ್ಲಿ ನಿಂತು ನೋಡಿದೆ.

"ಅಷ್ಟ ದೊಡ್ಡ ಜೀವ, ಎಷ್ಟ ಹಗುರಕ ಎದ್ದಿತಲ್ಲಬೇ," ಎಂದಳು ಅವ್ವ.

ಹನ್ನೊಂದಕ್ಕೆ ಧರೆಪ್ಪ ಮಾವನ ಫೋನು. ಗದ್ದಲವೋ ಗದ್ದಲ.

"ಅಕ್ಕಾ, ಕಂಡ್ತೇನ? ಮನಿ ಇದ್ದ ಜಾಗಕ್ಕ ನೆಟ್ಟಗ ದಂಡಿ ಮ್ಯಾಲ ನಿಂತೇವಿ! ಕಪಾಟಿನ ಕನ್ನಡಿ ಕಿತ್ತ ತಂದೇನಿ. ಕಟಿಂಗ್ ಅಂಗಡಿ ರಾಚಪ್ಪ ಅಂಗಡೀನ ಬಂದ್ ಮಾಡಿ ಬಂದಾನ. ಅರ್ಧಾ ಗಡ್ಡಾ ಆದಾಂವ ಒಬ್ಬ ಇಲ್ಲೇ ನಿಂತ ಬೈಯಾಕತ್ತಾನ!"

ಕಂಡಿತು ಎಂದು ಹೇಳಿಬಿಡು ಎಂದು ನಾನು ಸನ್ನೆ ಮಾಡಿದೆ. ಅವ್ವ ತಲೆಯಲ್ಲಾಡಿಸಿದಳು.

"ಇಲ್ಲೋ ಧರೆಪ್ಪಾ. ಟಿಕೆಟ್ ಖೊಟ್ಟಿ ಇತ್ತು. ನಾವು ನೆಲದ ಮ್ಯಾಲ ಅದೇವಿ."

ಅವ್ವ ನನ್ನ ಕಡೆ ತಿರುಗಿದಳು.

"ವಂದನಾ, ಆ ಬೆಳಕ ಎಷ್ಟ ದೂರ ಬರತೈತಿ ಅಂದಿದ್ದಿ?"

"ನಡಕ ಏನೂ ಅಡ್ಡ ಇಲ್ಲಂದ್ರ ಮೂವತ್ತ ಕಿಲೋಮೀಟರ್ ಬರತೈತಿ."

"ಜಮಖಂಡಿ ಗುಡ್ಡದಿಂದ ಗಲಗಲಿ ಎಷ್ಟಾತು?"

ಮನಸ್ಸಿನಲ್ಲೇ ಅಳೆದೆ. ಇಪ್ಪತ್ತರ ಒಳಗೇ. ಎತ್ತರ ಎಂದರೆ ವಿಮಾನವೇ ಬೇಕೆಂದು ಲೆಕ್ಕ ಹಾಕಿದವಳು ನಾನು.

"ಧರೆಪ್ಪಾ, ಚಂಜಿ ನಾಕೂವರಿಗೆ ಮತ್ತ ನಿಂದರ್ರಿ," ಎಂದಳು ಅವ್ವ ಫೋನಿಗೆ. "ಮುಖಾ ಜಮಖಂಡಿ ಕಡೆ. ಅರ್ಧಾ ಗಡ್ಡದಾಂವನ್ನ ಪೂರ್ತಿ ಮಾಡಿ ಕರಕೊಂಡ ಬರ್ರಿ."

ಬೆಳಗಾವಿಯಿಂದ ಮುಧೋಳದ ಬಸ್ಸು, ಅಲ್ಲಿಂದ ಜಮಖಂಡಿ. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು ಅಡ್ಡವಾಗಿ, ಗುಡ್ಡದ ಬುಡ ಮುಟ್ಟುವಾಗ ನಾಲ್ಕಾಗಿತ್ತು. ಅವ್ವ ನಾಲ್ಕು ಕಡೆ ಕೂತು ಹತ್ತಿದಳು. ಮೇಲೆ ನಿಂತರೆ ಕಬ್ಬಿನ ಹಸಿರಿನಾಚೆ ಹಿನ್ನೀರು ಹಬ್ಬಿತ್ತು, ಬೆರಳು ಬಿಡಿಸಿದ ಕೈಯಂತೆಯೇ. ಆ ಮೋಸಗಾರ ಇದನ್ನೂ ಸುಳ್ಳು ಹೇಳಿರಲಿಲ್ಲ. ಆದರೆ ಯಾವ ಬೆರಳಿನ ಕೆಳಗೆ ಮನೆ? ಅವ್ವನಿಗೂ ತಿಳಿಯಲಿಲ್ಲ.

ನಾಲ್ಕೂವರೆ ಆಯಿತು. ನಾಲ್ಕೂ ನಲವತ್ತು. ಕನ್ನಡಿಯ ಕಿರಣ ಇಲ್ಲಿಗೆ ಬರುವಾಗ ಕೇವಲ ನೂರೈವತ್ತು ಮೀಟರ್ ಅಗಲವಿರುತ್ತದೆ; ಕೈ ಕೂದಲಷ್ಟು ಅಲುಗಿದರೂ ನಮ್ಮನ್ನು ದಾಟಿ ಹೋಗುತ್ತದೆ. "ಮಾವಾ, ಸಾವಕಾಶ ಆಡಸ್ರಿ, ಬಾಜೂಕ, ಮ್ಯಾಲ ಕೆಳಗ," ಎಂದು ಫೋನಿನಲ್ಲಿ ಕೂಗುತ್ತಿದ್ದೆ.

ಆಗ ನೀರಿನ ಅಂಚಿನಲ್ಲಿ ಒಂದು ನಕ್ಷತ್ರ ಹುಟ್ಟಿತು.

ಹಗಲು ಬೆಳಕಿನಲ್ಲಿ, ನೋಡಲಾಗದಷ್ಟು ಬಿಳುಪು. ಆರಿತು. ಮತ್ತೆ ಹೊತ್ತಿತು. ಅದರ ಪಕ್ಕ ಇನ್ನೊಂದು. ಆಮೇಲೆ ಮೂರು, ಐದು. ಅವ್ವ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

"ಅಕ್ಕಾ? ಕಂಡ್ತೇನ?" ಮಾವನ ದನಿ ಕೇಳುತ್ತಲೇ ಇತ್ತು.

ಅವ್ವ ಬಲಗಾಲನ್ನು ಸ್ವಲ್ಪ ಎತ್ತಿ, ಬಂಡೆಯ ಮೇಲೆ ಒತ್ತಿದಳು. ಆಮೇಲೆ ಎಡಗಾಲು. ಕುಣಿಯೊಳಗೆ ಮಗ್ಗ ತುಳಿಯುವ ಹಾಗೆ.

"ಕಂಡ್ತಪಾ," ಎಂದಳು. "ನಮ್ಮ ಮನಿ ಕಂಡ್ತು."