ಕಣ್ಣಿನ ಪಾಠ

"ನಿಲ್ಲಿಸಪ್ಪಾ. ಅಲ್ಲಿ ಬೇಡ."

ಮೇಲೆದ್ದ ಹಾರೆ ಅಲ್ಲೇ ನಿಂತಿತು. ಗುಂಡಿ ತೋಡುತ್ತಿದ್ದವನು ಸೊಂಟದ ಮಟ್ಟದ ಮಣ್ಣಿನೊಳಗಿಂದ ತಲೆಯೆತ್ತಿ ಮೊದಲು ಮುದುಕಿಯನ್ನು, ಆಮೇಲೆ ಅವಳ ತೋಳು ಹಿಡಿದು ನಿಂತ ಮಗಳನ್ನು ನೋಡಿದ.

"ನಿಮ್ಮ ಮಗನೇ ಬಂದು ಜಾಗ ತೋರಿಸಿದ್ರು ಅಮ್ಮ. ಮಗುವಿನ ಪಕ್ಕದಲ್ಲೇ ಅಂದ್ರು."

"ಅವನಿಗೇನು ಗೊತ್ತು? ಆ ಜಾಗ ನನಗೆ. ಅವರನ್ನ ಬೇರೆ ಕಡೆ ಮಲಗಿಸಿ. ಆ ಗೋಡೆ ಪಕ್ಕ ಖಾಲಿ ಬಿದ್ದಿದೆಯಲ್ಲ."

ಗುಂಡಿಯ ಎಡಕ್ಕೆ ಮೊಣಕಾಲೆತ್ತರದ ಒಂದು ಕಲ್ಲಿತ್ತು. ಅದರ ಕೆಳಗೆ ಅವಳ ಕೊನೆಯ ಮಗ ಮಲಗಿ ನಲವತ್ತು ವರ್ಷಗಳ ಮೇಲಾಗಿತ್ತು. ಮನೆಯಲ್ಲಿ ಅವನನ್ನು ಮರಿ ಅಂತ ಕರೆಯುತ್ತಿದ್ದರು. ಕರೆಯುವುದು ನಿಂತ ಮೇಲೆ ಆ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಿರಲಿಲ್ಲ.

"ಅಮ್ಮಾ, ಅಣ್ಣ ಗಾಡಿ ತಗೊಂಡು ಹೊರಟಾಗಿದೆ," ಮಗಳು ಮೆಲ್ಲಗೆ ಅಂದಳು. "ಜನ ಬರೋ ಹೊತ್ತು. ಈಗ ಜಾಗ ಬದಲಾಯಿಸಿದ್ರೆ..."

"ಬಂದವರು ಕಾಯ್ತಾರೆ ಪುಟ್ಟಿ. ಸತ್ತವರಿಗಂತೂ ಅವಸರ ಇಲ್ಲ."

ತೋಡುವವನು ಮೇಲೆ ಹತ್ತಿ ಬಂದು ಪ್ಯಾಂಟಿನ ಮಣ್ಣು ಕೊಡವಿಕೊಂಡ. "ಗೋಡೆ ಪಕ್ಕ ಬರೀ ಬೇರು. ನನ್ನ ನಡು ಮುರಿಯುತ್ತೆ," ಎಂದು ಗೊಣಗುತ್ತಲೇ ಹಾರೆ ಹೆಗಲಿಗೇರಿಸಿ ನಡೆದ. ಮುದುಕಿ ಅವನ ಹಿಂದೆಯೇ ಹೋಗಿ, ಅವನು ಮೊದಲ ಪೆಟ್ಟು ಹಾಕುವ ತನಕ ಅಲ್ಲೇ ನಿಂತಳು. ಬಿಟ್ಟರೆ ಮತ್ತೆ ಹಳೇ ಗುಂಡಿಗೇ ಹೋಗಿ ಇಳಿದಾನೆಂಬ ಅನುಮಾನ.

ಪುಟ್ಟಿಗೂ ಐವತ್ತು ದಾಟಿ ತಲೆ ಅರ್ಧ ನರೆತಿತ್ತು. ಮನೆಯವರ ಬಾಯಲ್ಲಿ ಮಾತ್ರ ಇನ್ನೂ ಪುಟ್ಟಿ. ಅಪ್ಪ ಮರಿಯ ಪಕ್ಕ ಮಲಗುವುದು ಅಮ್ಮನಿಗೆ ಯಾಕೆ ಬೇಡ ಎಂದು ಅವಳಿಗೆ ಗೊತ್ತಿತ್ತು. ಭೂಮಿಯ ಮೇಲೆ ಗೊತ್ತಿದ್ದದ್ದು ಅಪ್ಪ, ಅಮ್ಮ, ಅವಳು, ಈ ಮೂವರಿಗೆ ಮಾತ್ರ. ಈಗ ಇಬ್ಬರು ಉಳಿದಿದ್ದರು.

*

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಅವಳಪ್ಪನಿಗೆ ಹುಡುಗರು ಇಟ್ಟ ಹೆಸರು 'ಯಾರು ಮೇಷ್ಟ್ರು'. ಆ ಹೆಸರನ್ನು ತಂದುಕೊಟ್ಟದ್ದು ಕಣ್ಣಿನ ಪಾಠ.

ಮೇಷ್ಟ್ರು ಬೋರ್ಡಿನ ತುಂಬ ಒಂದೇ ಒಂದು ಕಣ್ಣು ಬರೆದು, ಬಣ್ಣದ ಸೀಮೆಸುಣ್ಣದಲ್ಲಿ ಒಂದೊಂದೇ ಭಾಗ ತುಂಬುತ್ತ ಹೋಗುವರು. "ಬಿಸಿಲಿಂದ ಕತ್ತಲೆ ಕೋಣೆಗೆ ಕಾಲಿಡ್ತೀರಿ. ತಕ್ಷಣ ಈ ಪರದೆ ತಾನೇ ಹಿಂದೆ ಸರಿದು ಪಾಪೆ ಅಗಲ ಆಗುತ್ತೆ. ಯಾರು ಹೇಳಿಕೊಟ್ರು ಅದಕ್ಕೆ? ಧೂಳು ಬರೋ ಮುಂಚೇನೇ ರೆಪ್ಪೆ ಮುಚ್ಚುತ್ತೆ. ಹಣೆ ಬೆವರು ಕೆಳಗಿಳಿದ್ರೆ ಹುಬ್ಬು ಅದನ್ನ ಪಕ್ಕಕ್ಕೆ ತಳ್ಳುತ್ತೆ. ಯಾರು ನಿಲ್ಲಿಸಿದ್ರು ಅದನ್ನ ಅಲ್ಲಿ ಕಾವಲಿಗೆ? ಒಂದು ಕ್ಯಾಮೆರಾ ಕಂಡ್ರೆ ಯಾವನೋ ಬುದ್ಧಿವಂತ ಮಾಡಿದ್ದಾನೆ ಅಂತೀರಿ. ಹಾಗಾದ್ರೆ ಇದನ್ನ? ಇದನ್ನ ಮಾಡಿದ್ದು ಯಾರು?"

ಇಡೀ ಕ್ಲಾಸು ಒಂದೇ ಉಸಿರಿಗೆ, "ದೇವರು!"

ಆ ಕೂಗು ರಸ್ತೆಯಾಚೆಯ ಬೇಕರಿಗೂ ಕೇಳುತ್ತಿತ್ತಂತೆ. ಬೇಕರಿಯವನು ತಟ್ಟೆ ಕೆಳಗಿಟ್ಟು, "ಇವತ್ತು ಕಣ್ಣು," ಅನ್ನುತ್ತಿದ್ದನಂತೆ.

ಎಷ್ಟೋ ವರ್ಷಗಳ ಮೇಲೆ, ಪುಟ್ಟಿ ಕನ್ನಡಕದ ಅಂಗಡಿ ಇಟ್ಟಾಗ, ಒಂದು ಮಧ್ಯಾಹ್ನ ಮೇಷ್ಟ್ರು ಕಿವಿಯ ಕಡ್ಡಿ ಕಳಚಿದ ಕನ್ನಡಕ ಹಿಡಿದು ಬಂದಿದ್ದರು. ಬೆಂಚಿನ ಮೇಲೆ ಜನ ಒತ್ತಿಕೊಂಡು ಕೂತಿದ್ದರು. ಪುಟ್ಟಿ ಬಹಳ ದಿನದಿಂದ ಮಸೆದಿಟ್ಟಿದ್ದ ಮಾತನ್ನು ಅವತ್ತು ಹೊರಗೆ ತೆಗೆದಳು. "ಅಪ್ಪಾ, ನಿಮ್ಮ ದೇವರು ಕಣ್ಣನ್ನ ಅಷ್ಟು ಚೆನ್ನಾಗಿ ಮಾಡಿದ್ರೆ ನನ್ನ ಅಂಗಡಿಗೆ ಇಷ್ಟು ಜನ ಯಾಕೆ ಬರಬೇಕಿತ್ತು?"

ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಪ್ಪ ಸಿಡಿಯಲಿ, ವಾದಕ್ಕಿಳಿಯಲಿ, ಆಗ ತಾನೂ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಳ್ಳಬಹುದು ಎಂದು ಅವಳು ಕಾದಳು. ಮೇಷ್ಟ್ರು ಗೋಡೆಯ ಮೇಲಿನ ಅಕ್ಷರದ ಪಟ್ಟಿಯನ್ನು ಬರಿಗಣ್ಣಲ್ಲಿ ಓದಲು ನೋಡಿದರು, ಆಗಲಿಲ್ಲ.

"ನ್ಯಾಯವಾದ ಪ್ರಶ್ನೆ ಕಣಮ್ಮ," ಅಂದರು. "ಉತ್ತರ ಸಿಕ್ಕಿದ್ರೆ ಹೇಳ್ತೀನಿ."

ರಿಪೇರಿಯಾದ ಕನ್ನಡಕ ಏರಿಸಿಕೊಂಡು ಹೊರಟುಹೋದರು. ನುಣುಚಿಕೊಂಡರು ಎಂದೇ ಪುಟ್ಟಿ ಅಂದುಕೊಂಡಳು.

*

ಗಾಡಿ ಗೇಟಿನೊಳಗೆ ಬಂದಾಗ ಗೋಡೆ ಪಕ್ಕದ ಗುಂಡಿ ಅರ್ಧಕ್ಕೆ ಬಂದಿತ್ತು. ಅಣ್ಣ ಮುಂದಿನ ಸೀಟಿನಿಂದ ಇಳಿದವನು ಆ ಕಡೆ ನೋಡಿ, ಈ ಕಡೆ ನೋಡಿ, ನೇರ ತಂಗಿಯ ಹತ್ತಿರ ಬಂದ. ಬಾಗಿಲು ಕಿಟಕಿ ಮಾಡುವ ಕಸುಬು ಅವನದು. ಶವದ ಪೆಟ್ಟಿಗೆಯನ್ನೂ ತಾನೇ ಕೂತು ಮಾಡಿದ್ದ. ಉಗುರಿನ ಸಂದಿಯಲ್ಲಿ ಪಾಲಿಶ್ ಇನ್ನೂ ಹೋಗಿರಲಿಲ್ಲ.

"ಏನಿದು? ನಾನು ತೋರಿಸಿದ ಜಾಗ ಏನಾಯ್ತು?"

"ಅಮ್ಮ ಬೇಡ ಅಂದ್ರು."

"ಬೇಡ ಅಂದ್ರೆ? ಅಪ್ಪನ್ನ ಗೋಡೆ ಮೂಲೇಲಿ ಹಾಕೋದಾ? ಬೇಡದ ಸಾಮಾನು ಸೇರಿಸಿಟ್ಟ ಹಾಗೆ?"

"ಮೆಲ್ಲಗೆ ಮಾತಾಡಣ್ಣ. ಜನ ನೋಡ್ತಿದ್ದಾರೆ."

"ನೋಡಲಿ. ಹೆಡ್‌ಮಾಸ್ಟರು ಮಾತಾಡ್ತಾರೆ, ಕಣ್ಣಿನ ಪಾಠಾನೇ ಹೇಳಿ ಅಂದಿದ್ದೀನಿ. ಅಪ್ಪ ಏನು ಅಂತ ಎಲ್ಲರಿಗೂ ಗೊತ್ತಾಗಲಿ. ನನ್ನ ಕಾರ್ಖಾನೇಲಿ ಒಂದು ಸ್ಟೂಲು ತಾನಾಗೇ ಆಗಲ್ಲ, ಈ ಲೋಕ ತಾನಾಗೇ ಆಯ್ತಾ ಅಂತ ನಾನು ಇವತ್ತಿಗೂ ಕೇಳ್ತೀನಲ್ಲ, ಅದು ಅಪ್ಪ ಕೊಟ್ಟ ಆಸ್ತಿ."

ಪುಟ್ಟಿ ಅಣ್ಣನ ತೋಳು ಹಿಡಿದಳು. "ಆ ಪಾಠ ಬೇಡ ಅಣ್ಣ. ಬೇರೆ ಏನಾದ್ರೂ ಹೇಳಲಿ. ಅದನ್ನ ಶುರು ಮಾಡಿದ್ರೆ ಅಮ್ಮ ಎದ್ದು ಹೋಗ್ತಾರೆ."

"ಯಾಕೆ?"

ಅವಳು ಬಾಯಿ ತೆರೆಯುವಷ್ಟರಲ್ಲಿ ನಾಲ್ಕು ಜನ ಪೆಟ್ಟಿಗೆಗೆ ಹೆಗಲು ಕೊಡಲು ಅಣ್ಣನನ್ನು ಕರೆದರು. ಅವನು ತಂಗಿಯ ಕಡೆ ತಿರುಗಿ ತಿರುಗಿ ನೋಡುತ್ತಲೇ ಹೋದ.

*

ಮರಿ ಹುಟ್ಟಿದ್ದೇ ನೀಲಿ ತುಟಿ ಹೊತ್ತು. ನಾಲ್ಕು ಹೆಜ್ಜೆ ಓಡಿದರೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ಕೂತು, ಅಕ್ಕನ ಕಡೆ ನೋಡಿ, ಇದೂ ಆಟದ ಒಂದು ಭಾಗವೇ ಅನ್ನುವಂತೆ ನಗುತ್ತಿದ್ದ. ಹೃದಯದ ಗೋಡೆಯಲ್ಲಿ ತೂತು, ಅದಕ್ಕೆ ಕೈ ಹಾಕುವವರು ಈ ಕಡೆ ಯಾರೂ ಇಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸ್ಕೂಲಿಗೆ ಸೇರಿಸುವ ವರ್ಷವೇ ಹೋಗಿಬಿಟ್ಟ. ಅಣ್ಣ ಆಗ ಬೇರೆ ಊರಿನಲ್ಲಿ ಮರಗೆಲಸ ಕಲಿಯುತ್ತಿದ್ದ. ಮಣ್ಣಿಗೆ ಬಂದು ಮರುದಿನ ಹೊರಟುಹೋದ.

ಅದೇ ವಾರ ಮೇಷ್ಟ್ರು ಕೆಲಸಕ್ಕೆ ಹೋದರು. ಪುಟ್ಟಿಯನ್ನೂ ಪ್ರೈಮರಿಗೆ ಕರೆದುಕೊಂಡು ಹೋದರು. ಎರಡಕ್ಕೂ ಒಂದೇ ಕಾಂಪೌಂಡು. ಬಿಡುವಿನಲ್ಲಿ ಅವಳಿಗೆ ಯಾರೊಡನೆಯೂ ಆಡುವ ಮನಸ್ಸಾಗದೆ ಅಪ್ಪನನ್ನು ಹುಡುಕಿಕೊಂಡು ಹೈಸ್ಕೂಲಿನ ಹಿಂಭಾಗಕ್ಕೆ ಹೋದಳು. ಕಿಟಕಿಯ ಕೆಳಗೆ ನಿಂತಾಗ ಅಪ್ಪನ ದನಿ ಕೇಳಿಸಿತು. ಪರದೆ, ರೆಪ್ಪೆ, ಹುಬ್ಬು. ಹಿಂದಿನ ವರ್ಷ ಅವಳು ಇಲ್ಲೇ ನಿಂತು ಕೇಳಿದ್ದ ಮಾತೇ, ಅದೇ ಏರಿಳಿತ.

"ಇದನ್ನ ಮಾಡಿದ್ದು ಯಾರು?"

"ದೇವರು!"

ಪುಟ್ಟಿ ಚೀಲವನ್ನೂ ತೆಗೆದುಕೊಳ್ಳದೆ ಮನೆಗೆ ಓಡಿದಳು. ಅಮ್ಮ ಮರಿಯ ಬಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪುಟ್ಟಿ ಏದುಸಿರಿನಲ್ಲೇ ಹೇಳಿದಳು.

ಸಂಜೆ ಮೇಷ್ಟ್ರು ಒಳಗೆ ಕಾಲಿಟ್ಟಾಗ ಅಮ್ಮ ಕೂತಲ್ಲಿಂದಲೇ ಕೇಳಿದಳು. "ಮಗು ಮಣ್ಣಾಗಿ ವಾರ ಆಗಿಲ್ಲ. ನೀವು ಅಲ್ಲಿ ಆ ದೇವರಿಗೆ ಜೈಕಾರ ಹಾಕಿಸಿದ್ರಂತೆ. ಹೌದಾ?"

ಮೇಷ್ಟ್ರು ಬಾಗಿಲಲ್ಲೇ ಚಪ್ಪಲಿ ಕಳಚಿದರು. "ಹೌದು," ಅಂದರು.

ಅವತ್ತಿನಿಂದ ಅಮ್ಮ ಬಡಿಸಿದಳು, ಬಟ್ಟೆ ಒಗೆದಳು, ಜ್ವರ ಬಂದರೆ ಮಾತ್ರೆ ಕೊಟ್ಟಳು. ಅಷ್ಟೇ. ಮಲಗುವುದು ಬೇರೆ ಕೋಣೆಯಾಯಿತು. ಬೇಕಾದ್ದನ್ನೆಲ್ಲ ಪುಟ್ಟಿಯ ಮೂಲಕ ಹೇಳಿಸುವುದಾಯಿತು. "ನಿಮ್ಮಪ್ಪನಿಗೆ ಹೇಳು" ಎಂದು ಇವಳು, "ನಿಮ್ಮಮ್ಮನಿಗೆ ಹೇಳು" ಎಂದು ಅವರು. ಪುಟ್ಟಿ ಆ ಮನೆಯ ಟಪಾಲಿನವಳಾಗಿಯೇ ಬೆಳೆದಳು.

*

ಪೆಟ್ಟಿಗೆಯನ್ನು ಎರಡು ಸ್ಟೂಲುಗಳ ಮೇಲಿಟ್ಟಿದ್ದರು. ಮುಚ್ಚಳ ಇನ್ನೂ ಹಾಕಿರಲಿಲ್ಲ. ಅಮ್ಮನಿಗೆಂದು ಕುರ್ಚಿ ತಂದರು. ಅವಳು ಅದನ್ನು ದೂರಕ್ಕೆ ಎಳೆಸಿ ಕೂತಳು.

ಹೆಡ್‌ಮಾಸ್ಟರು ಮುಂದೆ ಬಂದು ಗಂಟಲು ಸರಿಮಾಡಿಕೊಂಡರು. ಮೇಷ್ಟ್ರ ಶಿಷ್ಯರಾಗಿ, ಆಮೇಲೆ ಅದೇ ಸ್ಕೂಲಿನಲ್ಲಿ ಅವರ ಜೊತೆಯೇ ಕೆಲಸ ಮಾಡಿ, ಈಗ ಅವರೂ ರಿಟೈರಾಗುವ ವಯಸ್ಸಿಗೆ ಬಂದಿದ್ದರು.

"ಈ ಊರಲ್ಲಿ ಮೇಷ್ಟ್ರ ಕಣ್ಣಿನ ಪಾಠ ಕೇಳದವರು ಕಡಿಮೆ," ಎಂದು ಶುರುಮಾಡಿದರು. "ಬೋರ್ಡಿನ ತುಂಬ ಕಣ್ಣು ಬರೀತಿದ್ರು..."

ಅಮ್ಮ ಕುರ್ಚಿಯ ಕೈ ಹಿಡಿದು ಏಳತೊಡಗಿದಳು. ಅಣ್ಣ ಅದನ್ನು ಕಂಡು ಹಲ್ಲು ಕಚ್ಚಿದ. ಪುಟ್ಟಿಗೆ ಏನಾಯಿತೋ, ಜನರ ನಡುವಿನಿಂದ ಮುಂದೆ ಬಂದುಬಿಟ್ಟಳು.

"ಸಾಕು ಸಾರ್! ತಮ್ಮ ಸತ್ತ ವಾರವೂ ಇದೇ ಪಾಠ ಮಾಡಿದ್ರು. ದೇವರು ಅಂತ ಕೂಗಿಸಿದ್ರು. ನಾನು ಕಿಟಕಿ ಕೆಳಗೆ ನಿಂತು ಕೇಳಿದ್ದೀನಿ. ಇವತ್ತೂ ಅದನ್ನ ಕೇಳಬೇಕಾ ನಮ್ಮಮ್ಮ?"

ಅಣ್ಣ ತಂಗಿಯ ಕಡೆ ಒಂದು ಹೆಜ್ಜೆ ಇಟ್ಟ. ಹೆಡ್‌ಮಾಸ್ಟರು ಕೋಪ ಮಾಡಿಕೊಳ್ಳಲಿಲ್ಲ. ಅವಳನ್ನೇ ದಿಟ್ಟಿಸಿ ಕೇಳಿದರು.

"ಎಲ್ಲಿವರೆಗೆ ಕೇಳಿದೆಯಮ್ಮ ನೀನು?"

"ದೇವರು ಅನ್ನೋವರೆಗೆ."

"ಆಮೇಲೆ?"

"ಆಮೇಲೆ ಏನಿದೆ? ಮನೆಗೆ ಓಡಿ ಹೋದೆ."

"ನಾನು ಒಳಗಿದ್ದೆ," ಹೆಡ್‌ಮಾಸ್ಟರ ದನಿ ಇಳಿಯಿತು. "ಹತ್ತನೇ ಕ್ಲಾಸು. ಇವತ್ತು ಅದನ್ನ ಹೇಳಬೇಕು ಅಂತಲೇ ಬಂದೆ. ಧೈರ್ಯ ಸಾಲದೆ ಸುತ್ತಿ ಬಳಸಿ ಶುರುಮಾಡಿದೆ. ನಾವು ಕೂಗಿದ ಮೇಲೆ ಹಿಂದಿನ ಬೆಂಚಿನವನು ಒಬ್ಬ ಎದ್ದ. 'ಸಾರ್, ಹಾಗಾದ್ರೆ ನಿಮ್ಮ ಮಗನ ಹೃದಯಾನೂ ಅವನೇ ಮಾಡಿದ್ದಾ?' ಅಂದ. ಕುಚೇಷ್ಟೆಗಲ್ಲ, ಪಾಪ, ಅವನಿಗೆ ನಿಜವಾಗ್ಲೂ ಗೊತ್ತಾಗಬೇಕಿತ್ತು. ಇವತ್ತು ಇವನ ಚರ್ಮ ಸುಲೀತಾರೆ ಅಂದುಕೊಂಡ್ವಿ. ಮೇಷ್ಟ್ರು ಡಸ್ಟರ್ ತಗೊಂಡು ಕಣ್ಣನ್ನ ಪೂರ್ತಿ ಅಳಿಸಿದ್ರು. ಅದೇ ಜಾಗದಲ್ಲಿ ಹೃದಯ ಬರೆದ್ರು. ನಡುವಿನ ಗೋಡೆ ಬರೆದು, ಬೆರಳಿಂದ ಒಂದು ಕಡೆ ಒರೆಸಿದ್ರು. 'ತೂತು ಇಲ್ಲಿತ್ತು. ಕೆಟ್ಟ ರಕ್ತ ಒಳ್ಳೇ ರಕ್ತಕ್ಕೆ ಸೇರ್ತಿತ್ತು, ಅದಕ್ಕೇ ತುಟಿ ನೀಲಿ ಇರ್ತಿತ್ತು' ಅಂದ್ರು, ಪಾಠದ ಧಾಟೀಲೇ. ಆಮೇಲೆ ನಮ್ಮ ಕಡೆ ತಿರುಗಿದ್ರು. 'ಕಣ್ಣಿಗೋಸ್ಕರ ಇಷ್ಟು ವರ್ಷ ನಿಮ್ಮ ಕೈಲಿ ಅವನನ್ನ ಹೊಗಳಿಸಿದೆ. ಹೊಗಳಿಕೆ ತಗೊಂಡವನು ಇದನ್ನೂ ತಗೋಬೇಕು ತಾನೆ? ಹೇಳ್ರೋ. ಇದನ್ನ ಮಾಡಿದ್ದು ಯಾರು?' ನಾವು ಬಾಯಿ ಬಿಡಲಿಲ್ಲ. ಅವರು ನಮಗೆ ಬೆನ್ನು ಹಾಕಿ, ಬೋರ್ಡಿನ ಕಡೆ ಮುಖ ಮಾಡಿ ಕೂತುಬಿಟ್ರು. ಭುಜ ಅಲುಗ್ತಿತ್ತು. ಗಂಟೆ ಹೊಡೆದ್ರೂ ನಾವ್ಯಾರೂ ಏಳಲಿಲ್ಲ. ಹೊರಗೆ ಬಂದ ಮೇಲೂ ಇದನ್ನ ಯಾರ ಮನೇಲೂ ಆಡಲಿಲ್ಲ."

"ಸುಳ್ಳು," ಅಣ್ಣ ಅಂದ. ಸಿಟ್ಟಿಗಿಂತ ಬೇಡಿಕೆಯೇ ಇತ್ತು ಅವನ ದನಿಯಲ್ಲಿ. "ಅಪ್ಪ ಒಂದು ವಾರವೂ ಚರ್ಚಿನ ಪ್ರಾರ್ಥನೆ ತಪ್ಪಿಸಿದವರಲ್ಲ. ನನ್ನ ಪಕ್ಕದಲ್ಲೇ ಕೂತಿರ್ತಿದ್ರು."

"ಹೌದಪ್ಪ. ನಾನೂ ಅದನ್ನೇ ಕೇಳಿದ್ದೆ. 'ಕೇಳಬೇಕಾದವನ ಮನೆಗೇ ಹೋಗಿ ತಾನೆ ಕೇಳಬೇಕು? ಬೀದೀಲಿ ನಿಂತು ಕೂಗಿದ್ರೆ ಆಗುತ್ತಾ?' ಅಂದ್ರು. ಕಣ್ಣಿನ ಪಾಠ ಮಾಡೋದನ್ನ ಬಿಡಲಿಲ್ಲ. ಕೊನೆಯ ಪ್ರಶ್ನೆ ಮಾತ್ರ ಆಮೇಲೆ ಯಾವತ್ತೂ ಕೇಳಲಿಲ್ಲ. ಹೆಸರೊಂದು ಉಳಿದುಬಿಡ್ತು, ಅಷ್ಟೇ."

ಇನ್ನೊಂದಿಷ್ಟು ಹೊತ್ತು ಆ ಕಿಟಕಿಯ ಕೆಳಗೆ ನಿಂತಿದ್ದರೆ! ಪುಟ್ಟಿ ಅಮ್ಮನ ಕಡೆ ತಿರುಗಿದಳು. "ಅಮ್ಮಾ, ನಾನು..."

"ಸುಮ್ಮನಿರು. ನೀನು ಆಗ ಮಗು. ಕೇಳಿದಷ್ಟು ಹೇಳಿದೆ." ಮುದುಕಿ ಎದ್ದು ನಿಂತಿದ್ದಳು. ಮಗನ ಕೈಯನ್ನೂ ಹಿಡಿಯದೆ ಮೆಲ್ಲಗೆ ಪೆಟ್ಟಿಗೆಯ ಹತ್ತಿರ ನಡೆದು, ಒಳಗೆ ಬಗ್ಗಿ ನೋಡಿದಳು.

"ಹೌದು ಅಂದುಬಿಟ್ರಲ್ಲ," ಅಂದಳು. ಆ ಮಾತನ್ನು ಪುಟ್ಟಿಯ ಮೂಲಕ ಹೇಳಿಸಲಿಲ್ಲ. "ನಾನು ಕೇಳಿದ್ದಕ್ಕೆ ಹೌದು ಅಂದು ಒಳಗೆ ಹೋದ್ರಿ. ಮುಂದಿಂದು ಹೇಳಬಾರದಿತ್ತಾ? ನನ್ನ ಹತ್ರ ಹೇಳಬಾರದಿತ್ತಾ?"

ಪೆಟ್ಟಿಗೆ ಹೊತ್ತು ತಂದವರು ಒಂದು ಹೆಜ್ಜೆ ಹಿಂದೆ ಸರಿದರು.

"ಮಗುವಿನ ಪಕ್ಕದ್ದು ಇನ್ನೂ ಎಷ್ಟು ತೋಡಬೇಕು?" ಮುದುಕಿ ತಲೆಯೆತ್ತದೆ ಕೇಳಿದಳು.

ಗುಂಡಿ ತೋಡುವವನು ಈ ಸಲ ಗೊಣಗಲಿಲ್ಲ. ಹಾರೆ ಎತ್ತಿಕೊಂಡು ಆ ಕಡೆ ನಡೆದ. ಅಣ್ಣ ಪೆಟ್ಟಿಗೆಯ ಅಂಚನ್ನು ಬೆರಳಲ್ಲಿ ಸವರಿದ. ಆಮೇಲೆ ಶೂ ಬಿಚ್ಚಿ, ಪ್ಯಾಂಟು ಮಡಚಿ, ತಾನೂ ಗುಂಡಿಗಿಳಿದ. ಹೆಡ್‌ಮಾಸ್ಟರು ಕೋಟು ತೆಗೆದು ಯಾರದೋ ಕೈಗೆ ಕೊಟ್ಟು, ಸಲಿಕೆ ಇಸಿದುಕೊಂಡರು. ಮೇಲೆ ಬಂದ ಮಣ್ಣನ್ನು ಪುಟ್ಟಿ ಬರಿಗೈಯಲ್ಲೇ ಬಾಚಿ ಬಾಚಿ ತಮ್ಮನ ಕಲ್ಲಿನಿಂದ ಆಚೆಗೆ ಸರಿಸುತ್ತಿದ್ದಳು. ಒಂದು ಸಲ ನಡು ನೆಟ್ಟಗೆ ಮಾಡಿಕೊಂಡು ಹಿಂದಿರುಗಿ ನೋಡಿದಳು.

ಹೊತ್ತು ಏರಿ ಮರದ ನೆರಳು ಪೆಟ್ಟಿಗೆಯನ್ನು ಬಿಟ್ಟು ಹೋಗಿತ್ತು. ಅಮ್ಮ ಕುರ್ಚಿಯನ್ನು ಪೆಟ್ಟಿಗೆಗೆ ಒತ್ತಿಸಿ ಕೂತು, ಒಂದು ಕೈಯನ್ನು ಒಳಗೆ ಚಾಚಿದ್ದಳು. ಮುಚ್ಚಿದ ಆ ಎರಡು ಕಣ್ಣುಗಳಿಗೆ ಅಂಗೈ ಮರೆ ಹಿಡಿದಿದ್ದಳು. ಬಿಸಿಲು ಸರಿದ ಹಾಗೆಲ್ಲ ಕೈಯೂ ಸರಿಯುತ್ತಿತ್ತು.